ಇಪ್ಪತ್ನಾಲ್ಕು ಗಂಟೆಯ ನೀರು

ಊರಿನ ನೀರು ಸರಬರಾಜು ಇಲಾಖೆಯಲ್ಲಿ, ಒಂದು ಬೀದಿಯ ಮೂವತ್ತೆಂಟು ಮನೆಗಳಲ್ಲಿ ಮತ್ತು ಹತ್ತೊಂಬತ್ತು ವರ್ಷದ ಒಂದು ಸಂಸಾರದಲ್ಲಿ ಏಕಕಾಲಕ್ಕೆ ಅಲ್ಲೋಲಕಲ್ಲೋಲ ಎಬ್ಬಿಸಿದ ಘಟನೆಯೊಂದನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದಲೇ ಹೇಳಬೇಕಾಗುತ್ತದೆ. ಘಟನೆ ಇಷ್ಟು: ಒಂದು ಗೋಲ್ಡ್‌ಫಿಶ್‌ನ ಬಾಲದ ಅಂಚು ಬೆಳ್ಳಗಾಯಿತು.

ಮೀನು ಶುದ್ಧಪ್ಪನವರದಲ್ಲ. ಅವರದೇ ಆಗಿದ್ದರೆ ಮಾತು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅದು ಅವರ ಅತ್ತೆಯ ಮೀನು.

ಶುದ್ಧಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಕ್ಲೋರಿನ್ ಬೆರೆಸುವ ಆಪರೇಟರ್. ಯಾರ ಮನೆಗೆ ಹೋದರೂ ಕೊಟ್ಟ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ‘ಶುದ್ಧ’ ಎಂದು ತೀರ್ಪು ಕೊಟ್ಟ ಮೇಲೆಯೇ ಕುಡಿಯುವುದು ಅವರ ಪದ್ಧತಿ. ಮಗು ಹುಟ್ಟಿದ ಮನೆಗೆ ಹೋದಾಗ ಮೊದಲು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಆಮೇಲೆ ಮಗುವಿನ ಮುಖ ನೋಡಿದ್ದರು ಎನ್ನುತ್ತಾರೆ. ತಮಾಷೆ ಮಾಡುವವರೂ ಒಂದು ಮಾತು ಒಪ್ಪುತ್ತಿದ್ದರು: ಅವರು ಪಾಳಿಯಲ್ಲಿದ್ದ ದಿನ ಊರಿನಲ್ಲಿ ನೀರಿನಿಂದ ಯಾರಿಗೂ ಹೊಟ್ಟೆ ಕೆಟ್ಟದ್ದಿಲ್ಲ.

ಅವರ ಅತ್ತೆ ನಿವೃತ್ತ ಗಣಿತದ ಟೀಚರು. ಅಳಿಯನ ಮೇಲೆ ಆಕೆಗೆ ದ್ವೇಷವೇನೂ ಇರಲಿಲ್ಲ. ನಂಬಿಕೆ ಇರಲಿಲ್ಲ, ಅಷ್ಟೆ. ಈ ಹತ್ತೊಂಬತ್ತು ವರ್ಷದಲ್ಲಿ ಆಕೆ ಅಳಿಯನ ಕೈಗೆ ಕೊಟ್ಟ ಅತ್ಯಂತ ಜವಾಬ್ದಾರಿಯ ವಸ್ತುವೆಂದರೆ ಒಂದು ಕೊಡೆ, ಅದೂ ಬಾಗಿಲಿನವರೆಗೆ. ಆದರೆ ಮಂಡಿಯ ಆಪರೇಷನ್ನಿಗೆಂದು ಎರಡು ತಿಂಗಳು ಚಿಕ್ಕ ಮಗಳ ಊರಿಗೆ ಹೋಗಲೇಬೇಕಾಗಿ ಬಂತು. ಹನ್ನೊಂದು ವರ್ಷ ಸಾಕಿದ ಮೀನನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ. ಬೇರೆ ಗತಿಯಿಲ್ಲದೆ ನೂರು ಲೀಟರಿನ ಗಾಜಿನ ತೊಟ್ಟಿ, ಫಿಲ್ಟರು, ಮೀನು ಮತ್ತು ಒಂದು ಚೀಟಿ ಅಳಿಯನ ಮನೆಗೆ ಬಂದವು.

ಚೀಟಿಯಲ್ಲಿ ಮೂರೇ ಸಾಲು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಕಾಲುಭಾಗ ಹೊಸದು ಹಾಕುವುದು. ಊಟ ಒಂದು ಚಿಟಿಕೆ. ಫಿಲ್ಟರಿನ ಸ್ಪಂಜು ಮುಟ್ಟಬಾರದು.

ಶುದ್ಧಪ್ಪನವರು ಅದನ್ನು ಓದಿ ನಕ್ಕರು. ನೀರಿನ ವಿಷಯದಲ್ಲಿ ಅವರಿಗೆ ಚೀಟಿ ಬರೆದುಕೊಡುವುದೆಂದರೆ ಮೀನಿಗೇ ಈಜು ಕಲಿಸಿದ ಹಾಗೆ. ಕಾಲುಭಾಗ ಕೊಳೆ ತೆಗೆದು ಮುಕ್ಕಾಲುಭಾಗ ಕೊಳೆ ಬಿಡುವುದು ಯಾವ ನ್ಯಾಯ? ಇದೊಂದನ್ನು ಚೆನ್ನಾಗಿ ಮಾಡಿ ತೋರಿಸಿದರೆ ಅತ್ತೆಯ ಕಣ್ಣಲ್ಲಿ ತಾನೂ ಒಬ್ಬ ಮನುಷ್ಯನಾಗುತ್ತೇನೆಂದು ಅವರಿಗೆ ಆಸೆ ಹುಟ್ಟಿತು. ವಾರಕ್ಕೆರಡು ಸಲ ತೊಟ್ಟಿಯ ನೀರನ್ನೆಲ್ಲ ಖಾಲಿ ಮಾಡಿ, ಗಾಜು ಉಜ್ಜಿ, ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬಿದರು. ಕಂದು ಬಣ್ಣಕ್ಕೆ ತಿರುಗಿದ್ದ ಆ ಸ್ಪಂಜನ್ನು ಕಂಡು ಹೇಸಿ, ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದರು. ಊಟವನ್ನೂ ಧಾರಾಳವಾಗಿ ಹಾಕಿದರು. ಅತ್ತೆಯ ಮನೆಯಲ್ಲಿರುವುದು ಬಾವಿ ನೀರು, ಆಕೆಯ ಚೀಟಿಯೂ ಬಾವಿ ನೀರಿನ ಚೀಟಿ ಎಂಬುದು ಅವರಿಗೆ ಹೊಳೆಯಲಿಲ್ಲ. ಅತಿ ಬಲ್ಲವರಿಗೆ ಹೊಳೆಯದ ವಿಷಯಗಳ ಪಟ್ಟಿ ಯಾವಾಗಲೂ ಉದ್ದ.

ಮೂರನೇ ವಾರ ಅದನ್ನು ಮೊದಲು ಕಂಡದ್ದು ಹೆಂಡತಿ.

“ರೀ, ಅಮ್ಮನ ಮೀನಿನ ಬಾಲ ಹಳೇ ಕಾಲೊರಸಿನ ಅಂಚಿನ ಹಾಗೆ ಎಳೆ ಎಳೆ ಬಿಡ್ತಿದೆಯಲ್ಲ.”

ಬೆಳಕಿನ ದೋಷವೆಂದರು ಶುದ್ಧಪ್ಪ. ಕಿಟಕಿ ಮುಚ್ಚಿ ನೋಡಿದರು, ತೆರೆದು ನೋಡಿದರು. ದೋಷ ಬೆಳಕಿನಲ್ಲಿರಲಿಲ್ಲ. ಬಾಲದ ಅಂಚು ಹಾಲಿನ ಕೆನೆಯಂತೆ ಬಿಳಿಚಿ, ಎರಡು ಕಡೆ ಸೀಳಿತ್ತು. ಬೆನ್ನಿನ ರೆಕ್ಕೆಯನ್ನು ಮಡಚಿಕೊಂಡ ಮೀನು ಮೂಲೆಯಲ್ಲಿ, ಮನೆಯವರೊಡನೆ ಮಾತು ಬಿಟ್ಟ ಹಿರಿಯರ ಹಾಗೆ, ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು.

ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಅವರು ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದರು. ಅಂಗಡಿಯವನು ಮನುಷ್ಯರಿಗಿಂತ ಮೀನುಗಳ ಜೊತೆ ಹೆಚ್ಚು ಮಾತಾಡಿ ರೂಢಿಯಾದವನು. ಗಿರಾಕಿಯ ಮುಖ ನೋಡದೆ ಬಾಟಲಿಯನ್ನಷ್ಟೇ ನೋಡಿದ. ಇದು ರೆಕ್ಕೆ ಕೊಳೆಯುವ ರೋಗ, ನೀರು ಕೆಟ್ಟಾಗ ಬರುತ್ತದೆ ಎಂದ. ನೀರು ಕೆಡಲು ಸಾಧ್ಯವೇ ಇಲ್ಲ ಎಂದರು ಶುದ್ಧಪ್ಪ. ಅವನು ಚಿಕ್ಕ ಗಾಜಿನ ನಳಿಕೆಗೆ ನೀರು ಹಾಕಿ, ಎರಡು ಸೀಸೆಗಳಿಂದ ಹನಿ ಬಿಟ್ಟು ಅಲುಗಾಡಿಸಿದ. ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು. ಮೀನಿನ ಹೊಲಸಿನಿಂದ ಹುಟ್ಟುವ ವಿಷ, ಅಮೋನಿಯ. ಸ್ಪಂಜು ತೊಳೆದಿರೇನು ಎಂದು ಕೇಳಿದ. ಬೆಳ್ಳಗಾಗುವವರೆಗೆ, ಎಂದರು ಶುದ್ಧಪ್ಪ ಹೆಮ್ಮೆಯಿಂದ.

ಮೀನಿನ ಹೊಲಸನ್ನು ತಿಂದು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಆ ಕಂದು ಸ್ಪಂಜಿನಲ್ಲೇ ವಾಸವಾಗಿದ್ದವೆಂದೂ, ಈ ಮಹಾನುಭಾವರು ಅವುಗಳ ವಂಶವನ್ನೇ ನಿರ್ಮೂಲ ಮಾಡಿದ್ದಾರೆಂದೂ ಅಂಗಡಿಯವನು ತಿಳಿಸಿದ. ಆಮೇಲೆ ಯಾವ ನೀರು ಹಾಕುತ್ತೀರಿ ಎಂದು ಕೇಳಿದ.

“ನಲ್ಲಿ ನೀರು. ನಾನೇ ತಯಾರು ಮಾಡೋದು.”

“ಹಾಗಾದ್ರೆ ಬಾಲ ಸುಟ್ಟವರು ನೀವೇ.”

ಶುದ್ಧಪ್ಪನವರ ಕಿವಿ ಕೆಂಪಾಯಿತು. ಒಂದು ಊರೇ ಇಪ್ಪತ್ತೆರಡು ವರ್ಷದಿಂದ ಆ ನೀರು ಕುಡಿದು ಗಟ್ಟಿಮುಟ್ಟಾಗಿದೆ ಎಂದರು. ಅಂಗಡಿಯವನು ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದ.

“ಊರು ಅದನ್ನ ಕುಡಿಯುತ್ತೆ ಸಾರ್. ಮೀನು ಅದನ್ನ ಉಸಿರಾಡುತ್ತೆ.”

ಬುದ್ಧಿವಂತರು ಬೈಗುಳವನ್ನು ತಡೆದುಕೊಳ್ಳುತ್ತಾರೆ, ಸರಿಯಾದ ಮಾತನ್ನು ತಡೆದುಕೊಳ್ಳಲಾರರು. ಶುದ್ಧಪ್ಪ ಬಾಟಲಿಗೆ ಮುಚ್ಚಳ ಹಾಕಿ, ಈಗೇನು ಮಾಡಬೇಕೆಂದು ಕೇಳಿದರು. ಅಂಗಡಿಯವನು ಚಿಕಿತ್ಸೆ ಹೇಳಿದ: ಮೊದಲು ನೀರು, ಆಮೇಲೆ ಔಷಧ. ದಿನಕ್ಕೆ ಮೂವತ್ತು ಲೀಟರಿನಂತೆ ಬದಲಿಸಬೇಕು, ಕ್ಲೋರಿನ್ ಇರಬಾರದು, ಹೊಸ ನೀರು ಹಳೆಯದಷ್ಟೇ ಬೆಚ್ಚಗಿರಬೇಕು. ಸ್ವಲ್ಪ ಉಪ್ಪು. ದಿನಕ್ಕೊಮ್ಮೆ ಬೇರೆ ಬೋಗುಣಿಯಲ್ಲಿ ನೀಲಿ ಔಷಧದ ನೀರು ಮಾಡಿ ಮೀನನ್ನು ಹತ್ತು ನಿಮಿಷ ಅದ್ದಬೇಕು. ಕ್ಲೋರಿನ್ ತೆಗೆಯುವ ಹನಿಯ ಸೀಸೆಯನ್ನೂ ಮುಂದಿಟ್ಟ. ಎಲ್ಲವನ್ನೂ ಕೊಂಡ ಶುದ್ಧಪ್ಪ ಅದೊಂದನ್ನು ಮಾತ್ರ ಹಿಂದಕ್ಕೆ ತಳ್ಳಿದರು. ಹಗಲೆಲ್ಲ ತಾನೇ ಬೆರೆಸಿ ಬಂದದ್ದನ್ನು ಸಂಜೆ ಸೀಸೆ ಕೊಂಡು ತೆಗೆಯುವುದೇ? ಒಂದು ದಿನ ತೆರೆದಿಟ್ಟರೆ ತಮ್ಮ ಕ್ಲೋರಿನ್ ತಾನಾಗಿಯೇ ಮರ್ಯಾದೆಯಿಂದ ಎದ್ದು ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಆ ಸೀಸೆಯನ್ನು ಅಂದೇ ಕೊಂಡಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ.

ಅವರ ಬಾಡಿಗೆ ಮನೆ ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಮೇಲೆ ತಾರಸಿಯಲ್ಲಿಟ್ಟರೆ ನೀರು ಕಾಯುತ್ತದೆ. ಒಳಗೆ ಕಾಲಿಡಲು ಜಾಗವಿಲ್ಲ. ನೆರಳೂ ಗಾಳಿಯೂ ಇದ್ದ ಒಂದೇ ಜಾಗವೆಂದರೆ ಮೆಟ್ಟಿಲು ತಿರುಗುವಲ್ಲಿ, ಕಿಟಕಿಯ ಕೆಳಗೆ, ಆರು ಸಂಸಾರಗಳೂ ಹಾದುಹೋಗುವ ಕಡೆ. ಅಲ್ಲಿ ನಾಲ್ಕು ಬಕೆಟ್ ಸಾಲಾಗಿ ನಿಂತವು, ಎರಡು ಇವತ್ತಿಗೆ, ಎರಡು ನಾಳೆಗೆ. ಘಟಕದಲ್ಲಿ ಒಂದು ಡಬ್ಬಿಯನ್ನು ಸರಿಸಿದರೂ ರಟ್ಟಿನ ಚೀಟಿ ಕಟ್ಟಿ ಸಹಿ ಹಾಕಬೇಕೆಂಬುದು ನಿಯಮ. ಆ ಅಭ್ಯಾಸಬಲದಿಂದ ಪ್ರತಿ ಬಕೆಟ್ಟಿಗೂ ಒಂದು ಚೀಟಿ ಬಿತ್ತು. “ನಲ್ಲಿ ನೀರು. ತುಂಬಿದ್ದು ಬೆಳಿಗ್ಗೆ ೬-೧೦. ಇಪ್ಪತ್ನಾಲ್ಕು ಗಂಟೆ ಆಗುವ ಮೊದಲು ಬಳಸಕೂಡದು.” ಕೆಳಗೆ ಸಹಿ, ಅದರ ಕೆಳಗೆ ಹುದ್ದೆ, ಅದರ ಕೆಳಗೆ ಇಲಾಖೆಯ ಹೆಸರು.

ಮೊದಲು ಓದಿದವನು ಕೆಳಮನೆಯ ಟೈಲರು. ಇವನು ಅತ್ತೆಯ ಬಟ್ಟೆಗಳನ್ನು ಮೂವತ್ತು ವರ್ಷದಿಂದ ಹೊಲಿಯುವವನು; ಭಾನುವಾರ ಭಾನುವಾರ ಆಕೆಗೆ ಫೋನ್ ಮಾಡಿ ಬೀದಿಯ ವರದಿ ಒಪ್ಪಿಸುವವನು. ಮೀನಿನ ಕಾಯಿಲೆ ಇಡೀ ಲೋಕಕ್ಕೆ ತಿಳಿದರೂ ಇವನಿಗೆ ತಿಳಿಯಬಾರದೆಂದೇ ಶುದ್ಧಪ್ಪ ತೊಟ್ಟಿಯ ಮೇಲೆ ಹೊದಿಕೆ ಹೊದಿಸಿದ್ದರು. ಹಾಗಾಗಿ ಅವನು ಕೊರಳಲ್ಲಿ ಟೇಪು ತೂಗಾಡಿಸಿಕೊಂಡು ಬಂದು, ಇದೇನು ಸಾರ್ ಬಕೆಟ್ಟು ಎಂದಾಗ, ಅವರ ಬಾಯಿಂದ ಆ ಸಂದರ್ಭದಲ್ಲಿ ಆಡಬಹುದಾದ ಅತ್ಯಂತ ಕೆಟ್ಟ ಮಾತು ಬಂತು.

“ಇಲಾಖೆ ವಿಷಯ ಕಣಪ್ಪ. ಹೇಳೋ ಹಾಗಿಲ್ಲ.”

ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುತ್ತಾರೆ. ಟೈಲರನ ಬಾಯಿಗಂತೂ ಗುಂಡಿಯೂ ಇರಲಿಲ್ಲ. ಮಧ್ಯಾಹ್ನದೊಳಗೆ ಆರೂ ಸಂಸಾರಗಳು ಆ ಚೀಟಿಯನ್ನು ಓದಿದವು. ಒಬ್ಬರು ನಕಲು ಮಾಡಿಕೊಂಡರು. ನೀರು ಮಾಡುವವನೇ ಅದನ್ನು ಒಂದು ದಿನ ಹೊರಗಿಟ್ಟು ಆಮೇಲೆ ಒಳಗೆ ಒಯ್ಯುತ್ತಾನೆಂದರೆ ಅರ್ಥವೇನು? ಮರುದಿನ ಮೆಟ್ಟಿಲ ಮೇಲೆ ಹದಿನೇಳು ಬಕೆಟ್ಟುಗಳಿದ್ದವು. ಮೂರನೇ ದಿನ ಬೀದಿಯ ಎರಡೂ ಬದಿಯಲ್ಲಿ ಬಕೆಟ್, ಡ್ರಮ್ಮು, ದೊಡ್ಡ ಪಾತ್ರೆ, ಒಂದು ಮನೆಯ ಮುಂದೆ ಮಗುವಿನ ಸ್ನಾನದ ತೊಟ್ಟಿ, ಎಲ್ಲಕ್ಕೂ ಚೀಟಿ, ಚೀಟಿಯಲ್ಲಿ ಸಮಯ. ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರು ತಮ್ಮ ಚೀಟಿಗೆ ಎರಡು ಸಾಕ್ಷಿಗಳ ಸಹಿ ಹಾಕಿಸಿದ್ದರು.

ಅಷ್ಟರಲ್ಲಿ ನೀಲಿ ಔಷಧ ತನ್ನ ಕೆಲಸ ಶುರುಮಾಡಿತ್ತು. ಮೀನನ್ನು ದಿನವೂ ಅದ್ದಿ ಎತ್ತುತ್ತಿದ್ದ ಶುದ್ಧಪ್ಪನವರ ಬೆರಳುಗಳು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು ನೀಲಿಯಾದವು. ಎಷ್ಟು ಉಜ್ಜಿದರೂ ಹೋಗದು. ಬೀದಿ ಅದನ್ನು ಗಮನಿಸಿತು. ಇಪ್ಪತ್ತೆರಡು ವರ್ಷ ಆ ನೀರಿನಲ್ಲಿ ಕೈಯಾಡಿಸಿದ ಫಲವೆಂದು ಒಬ್ಬಾಕೆ ಮರುಗಿದಳು. ಮಕ್ಕಳು ತಮ್ಮ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

ವಿಷಯ ಕೈಮೀರಿತೆಂದು ಕಂಡಾಗ ಶುದ್ಧಪ್ಪ ಮರ್ಯಾದೆ ಬಿಟ್ಟು ನಿಜ ಹೇಳಿದರು. ಮೆಟ್ಟಿಲ ಮೇಲೆ ನಿಂತು, ನೀರು ಚಿನ್ನದಂಥದ್ದು, ಬಕೆಟ್ಟು ಬರೀ ಮೀನಿಗಾಗಿ ಎಂದು ಸಾರಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊದಿಕೆ ಬಿದ್ದ ಮೇಲೆ ಆ ಮನೆಯಲ್ಲಿ ಯಾರೂ ಮೀನನ್ನು ಕಂಡಿರಲಿಲ್ಲ. ಪಾಪ, ಸಂಸಾರಸ್ಥ, ನೌಕರಿ ಉಳಿಯಬೇಕಲ್ಲ, ಇನ್ನೇನು ತಾನೇ ಹೇಳಿಯಾನು ಎಂದು ಟೈಲರು ಪಿಸುಗುಟ್ಟಿದ. ಬಾಯಿ ಬಿಡುವಂತಿಲ್ಲದಿದ್ದರೂ ಚೀಟಿ ಕಟ್ಟಿ ಜನರನ್ನು ಎಚ್ಚರಿಸಿದ ಧೀರನೆಂದು ಶುದ್ಧಪ್ಪನವರ ಮೇಲಿನ ಗೌರವ ಒಂದು ಕೈ ಹೆಚ್ಚಿತು. ಸುಳ್ಳು ಹೇಳಿದಾಗ ನಂಬಿದ ಬೀದಿ ನಿಜ ಹೇಳಿದಾಗ ಬೆನ್ನು ತಟ್ಟಿ ಕಳಿಸಿತು.

ಭಾನುವಾರ ಸಂಜೆ ಅತ್ತೆಯ ಫೋನು ಬಂತು. ಪ್ರತಿದಿನ ಏಳು ಗಂಟೆಗೆ ಮೀನು ಹೇಗಿದೆ ಎಂದು ಕೇಳುವ ಆಕೆಗೆ ಹೆಂಡತಿ ‘ಊಟ ಮಾಡ್ತಿದೆ ಅಮ್ಮ’ ಎಂದು ಸತ್ಯಕ್ಕೆ ಎರವಾಗದಂತೆ ಉತ್ತರಿಸುತ್ತಾ ಬಂದಿದ್ದಳು. ಈ ಸಲ ಅತ್ತೆ ಅಳಿಯನನ್ನೇ ಕರೆದರು.

“ಅಳಿಯಂದ್ರೇ, ನಿಮ್ಮ ನಲ್ಲಿ ನೀರು ಕೆಟ್ಟಿದೆಯಂತೆ. ನನ್ನ ಮೀನಿಗೆ ಅದನ್ನ ಹಾಕ್ತಿಲ್ಲ ತಾನೇ?”

ತಮ್ಮ ಬದುಕಿನ ಒಂದೇ ಒಂದು ಹೆಮ್ಮೆಯನ್ನು ಶುದ್ಧಪ್ಪ ಗಂಟಲಿನಿಂದ ಕೆಳಗಿಳಿಸಿಕೊಂಡರು.

“ಇಲ್ಲ ಅತ್ತೆ. ನೇರವಾಗಿ ಒಂದು ಹನಿಯೂ ಹಾಕ್ತಿಲ್ಲ.”

ಇತ್ತ ಬೀದಿಯೆಲ್ಲ ಬೆಳಿಗ್ಗೆ ಆರೂ ಹತ್ತಕ್ಕೆ ಸರಿಯಾಗಿ ಒಟ್ಟಿಗೆ ನಲ್ಲಿ ತಿರುಗಿಸತೊಡಗಿತ್ತು. ಚೀಟಿಯಲ್ಲಿದ್ದ ಸಮಯಕ್ಕೂ ಏನೋ ಗುಟ್ಟಿರಬೇಕೆಂದು ಅವರ ಲೆಕ್ಕಾಚಾರ. ಪಕ್ಕದ ಬೀದಿಗಳೂ ಸೇರಿಕೊಂಡವು. ಆ ಹೊತ್ತಿಗೆ ಓವರ್‌ಹೆಡ್ ಟ್ಯಾಂಕಿನ ಮಟ್ಟ ದಡಕ್ಕನೆ ಇಳಿದು, ಎತ್ತರದ ಮನೆಗಳಿಗೆ ನೀರು ಏರದಾಯಿತು. ದೂರುಗಳು ಬಂದವು. ಪೈಪು ಒಡೆದಿದೆಯೆಂದು ಎರಡು ಕಡೆ ರಸ್ತೆ ಅಗೆದು ನೋಡಿದರು; ಪೈಪು ನೆಟ್ಟಗಿತ್ತು. ಕೊನೆಗೆ ಯಾರೋ ಶುದ್ಧಪ್ಪನವರ ಸಹಿಯ ಚೀಟಿಯ ನಕಲೊಂದನ್ನು ಇಂಜಿನಿಯರ್ ಮೇಡಂ ಮೇಜಿನ ಮೇಲಿಟ್ಟರು.

ಇಂಜಿನಿಯರ್ ಮೇಡಂ ಮಿತಭಾಷಿ. ಘಟಕದಲ್ಲಿ ಆಕೆ ಸಿಟ್ಟಾಗಿದ್ದಾರೆಂದು ತಿಳಿಯುವುದು ಆಕೆ ಕನ್ನಡಕ ಒರೆಸಿಕೊಳ್ಳುವುದರಿಂದ. ಮರುದಿನ ಬೆಳಿಗ್ಗೆ ಕನ್ನಡಕ ಒರೆಸಿಕೊಳ್ಳುತ್ತಲೇ ಅವರು ಜೀಪಿನಿಂದಿಳಿದರು. ಮೆಟ್ಟಿಲಿನ ಬಕೆಟ್ಟುಗಳ ನಡುವೆ ಕಾಲಿಡುತ್ತ ಮೇಲೆ ಬಂದರು. ಹಿಂದೆ ಟೈಲರು, ಅವನ ಹಿಂದೆ ಬೀದಿ. ಕೋಣೆಯಲ್ಲಿ ಹಿಡಿದಷ್ಟು ಜನ ಒಳಗೆ, ಉಳಿದವರು ಮೆಟ್ಟಿಲ ಮೇಲೆ. ಇಲಾಖೆಯ ಹೆಸರಿನಲ್ಲಿ ಜನರಲ್ಲಿ ಭಯ ಹುಟ್ಟಿಸಿದ್ದಕ್ಕೆ ಕೆಲಸ ಹೋಗಬಹುದು ಎಂದು ಮೇಡಂ ಮೊದಲ ಮಾತಿಗೇ ತಿಳಿಸಿದರು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಶುದ್ಧಪ್ಪ ತೊಟ್ಟಿಯ ಹೊದಿಕೆ ತೆಗೆದರು.

ಮೀನಿತ್ತು. ಬಾಲ ಮೊದಲಿನ ಅರ್ಧದಷ್ಟಿತ್ತು. ಆದರೆ ಬಿಳಿ ಅಂಚು ಹೋಗಿ, ಅದರ ಜಾಗದಲ್ಲಿ ಈರುಳ್ಳಿ ಪೊರೆಯಂಥ ಹೊಸ ತೆಳು ಅಂಚು ಚಿಗುರಿತ್ತು. ತೊಟ್ಟಿಯ ಪಕ್ಕದಲ್ಲಿ ಒಂದು ರಿಜಿಸ್ಟರು. ಮೇಡಂ ಅದನ್ನು ಕೈಗೆತ್ತಿಕೊಂಡರು. ಆರು ಆರು ಗಂಟೆಗೊಮ್ಮೆ ನೀರಿನ ಬಿಸಿ, ಅಮೋನಿಯ, ಕ್ಲೋರಿನ್, ಉಪ್ಪು. ತೆಗೆದ ನೀರೆಷ್ಟು, ಹಾಕಿದ್ದೆಷ್ಟು, ಯಾವ ಬಕೆಟ್ಟಿನದು. ಸ್ಪಂಜನ್ನು ತೊಟ್ಟಿಯ ಹಳೆಯ ನೀರಿನಲ್ಲೇ ಒಮ್ಮೆ ಅದ್ದಿ ತೆಗೆದದ್ದು. ಬಾಲದ ಉದ್ದ ಮಿಲಿಮೀಟರಿನಲ್ಲಿ. ಹದಿನೆಂಟು ದಿನ, ಒಂದು ಖಾನೆಯೂ ಖಾಲಿ ಇಲ್ಲ. ರಾತ್ರಿಯ ಹನ್ನೆರಡರ ಸಾಲುಗಳು ಹೆಂಡತಿಯ ಅಕ್ಷರದಲ್ಲಿದ್ದವು. ಮೇಡಂ ಪುಟ ತಿರುಗಿಸುತ್ತಲೇ ಹೋದರು. ಕನ್ನಡಕ ಒರೆಸುವುದನ್ನು ಮರೆತರು.

ಟೈಲರು ಮಾತ್ರ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಮೀನು ಇದೆ, ಸರಿ. ನೀರು ಒಳ್ಳೆಯದೆಂಬುದಕ್ಕೆ ಸಾಕ್ಷಿ ಏನು ಎಂದ. ಶುದ್ಧಪ್ಪ ನಲ್ಲಿಯಿಂದ ಒಂದು ಲೋಟ ಹಿಡಿದು ಎಲ್ಲರ ಮುಂದೆ ಗಟಗಟ ಕುಡಿದರು. ಟೈಲರಿಗೆ ತೃಪ್ತಿಯಾಗಲಿಲ್ಲ.

“ನೀವು ಕುಡೀತೀರಿ ಸಾರ್, ನೌಕರಿ ನಿಮ್ದು. ಅದೇ ನಲ್ಲಿಯಿಂದ ಎರಡು ಬಕೆಟ್ಟು ಈ ತೊಟ್ಟಿಗೆ ಹಾಕಿ ನೋಡೋಣ.”

ಜನ ಹೌದು ಹೌದೆಂದರು. ಮೇಡಂ ಗಡಿಯಾರ ನೋಡಿದರು. ಹೊರಗೆ ನಲವತ್ತು ಬಕೆಟ್ಟು, ಅಲ್ಲಿ ಖಾಲಿ ಟ್ಯಾಂಕು.

“ಹಾಕಿಬಿಡಿ. ಇಲ್ಲಿಗೆ ಮುಗೀಲಿ ಇದು.”

ಬಕೆಟ್ಟು ತುಂಬಿ ಬಂತು. ಶುದ್ಧಪ್ಪ ಹಿಡಿಕೆ ಹಿಡಿದು ನಿಂತರು. ಸುರಿದರೆ ಇಪ್ಪತ್ತೆರಡು ವರ್ಷದ ನೌಕರಿ ಉಳಿಯುತ್ತದೆ, ಬೀದಿ ಮನೆಗೆ ಹೋಗುತ್ತದೆ. ಮೀನು ಇಷ್ಟು ಹೊತ್ತಿಗೆ ಗೋಡೆ ಬಿಟ್ಟು ಈಚೆ ತಿರುಗಿ, ಬಾಯಿ ತೆರೆದು ಮುಚ್ಚುತ್ತ, ಊಟ ತಂದಿರೇನೋ ಎಂಬಂತೆ ಅವರನ್ನೇ ನೋಡುತ್ತಿತ್ತು. ಅವರು ಬಕೆಟ್ಟನ್ನು ನೆಲಕ್ಕಿಟ್ಟರು.

“ಆಗಲ್ಲ ಮೇಡಂ.”

ಟೈಲರು ಬೀದಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಶುದ್ಧಪ್ಪ ಎಂದೂ ದೊಡ್ಡ ಮಾತು ಆಡಿದವರಲ್ಲ. ಆಡಿದ್ದೆಲ್ಲ ಲೋಟಗಳ ಬಗ್ಗೆ. ಈಗ ನೀಲಿ ಕೈಗಳನ್ನು ಪಂಚೆಗೋ ಪ್ಯಾಂಟಿಗೋ ಒರೆಸಬೇಕೆಂಬುದೂ ಮರೆತವರಂತೆ ಮುಂದೆ ಚಾಚಿಕೊಂಡೇ ಹೇಳಿದರು.

“ನೀರಲ್ಲಿ ಕಣ್ಣಿಗೆ ಕಾಣದ್ದು ಏನೂ ಬದುಕಿರಬಾರದು, ಅದೇ ನನ್ನ ಕೆಲಸ. ಒಂದೇ ಒಂದು ಕ್ರಿಮಿ ಉಳಿದರೂ ನಿಮ್ಮ ಮನೆ ಕೂಸು ಮಲಗುತ್ತೆ. ಅದಕ್ಕೇ ಕ್ಲೋರಿನ್ ಹಾಕ್ತೀನಿ. ಹಾಕಿದ್ದು ನಿಮ್ಮ ನಲ್ಲೀವರೆಗೂ ಉಳಿಯೋ ಹಾಗೆ ಹಾಕ್ತೀನಿ. ನಾನು ಕೆಲಸ ಸರಿಯಾಗಿ ಮಾಡಿದ್ದಕ್ಕೇ ಈ ಮೀನು ಸಾಯ್ತಿತ್ತು. ಆ ನೀರು ನಿಮಗೋಸ್ಕರ ಮಾಡಿದ್ದು, ಇದಕ್ಕಲ್ಲ. ಕೆಲಸ ಹೋದ್ರೆ ಹೋಗ್ಲಿ, ಇದರ ಮೇಲೆ ಸುರಿಯಲ್ಲ.”

ಎಳೆ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಬಳಿ ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದು, ನೆಲದ ಮೇಲಿದ್ದ ಬಕೆಟ್ಟಿನಿಂದ ಒಂದು ಲೋಟ ಮೊಗೆದು ತಾನು ಅರ್ಧ ಕುಡಿದಳು, ಮಗುವಿಗೆ ಎರಡು ಗುಟುಕು ಕುಡಿಸಿದಳು. ಆಮೇಲೆ ಲೋಟವನ್ನು ಟೈಲರನ ಮುಂದೆ ಹಿಡಿದಳು. ಟೈಲರು ಆ ಕಡೆ ಈ ಕಡೆ ನೋಡಿ ಕುಡಿದ. ಕುಡಿದು, ರುಚಿ ನೋಡುವವನಂತೆ ಒಂದು ಗಳಿಗೆ ನಿಂತು, ಬಾಯಿ ಒರೆಸಿಕೊಂಡು, ತನಗೆ ಮೊದಲಿಂದಲೂ ಗೊತ್ತಿತ್ತು ಎಂದ.

ಮೇಡಂ ಹೋಗುವಾಗ ಬಾಗಿಲಲ್ಲಿ ನಿಂತು ಶುದ್ಧಪ್ಪನವರನ್ನು ಕೇಳಿದ್ದು ಒಂದೇ ಪ್ರಶ್ನೆ: ಆ ರಿಜಿಸ್ಟರನ್ನು ಒಂದು ದಿನದ ಮಟ್ಟಿಗೆ ಕೊಡಬಹುದೇ ಎಂದು. ಖಾಸಗಿ ಬಕೆಟ್ಟುಗಳ ಮೇಲೆ ಸರ್ಕಾರಿ ಹುದ್ದೆ ಬರೆದದ್ದಕ್ಕಾಗಿ ಮಾರನೆಯ ದಿನ ಮೆಮೋ ಬಂತು. ಅದೇ ಲಕೋಟೆಯಲ್ಲಿ ರಿಜಿಸ್ಟರೂ ವಾಪಸು ಬಂತು. ಅದರ ಜೆರಾಕ್ಸೊಂದು ಘಟಕದಲ್ಲಿ ಹೊಸದಾಗಿ ಸೇರಿದವರಿಗೆ ರೀಡಿಂಗ್ ಬರೆಯುವುದು ಹೇಗೆಂದು ತೋರಿಸಲು ಇಂದಿಗೂ ಇದೆ.

ಅತ್ತೆ ಊರುಗೋಲು ಹಿಡಿದು ಬಂದದ್ದು ಹತ್ತನೇ ವಾರ. ಕುರ್ಚಿ ಎಳೆಸಿಕೊಂಡು ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತರು. ಬಾಲ ಪೂರ್ತಿ ಬೆಳೆದಿತ್ತು, ಎಡತುದಿಯಲ್ಲಿ ಒಂದು ಸಣ್ಣ ಮಡಿಕೆ ಮಾತ್ರ ಉಳಿದಿತ್ತು. ಹನ್ನೊಂದು ವರ್ಷ ನೋಡಿದ ಕಣ್ಣಿಗೆ ಅದು ತಪ್ಪಲಿಲ್ಲ. ಇದೇನು ಎಂದರು. ಶುದ್ಧಪ್ಪ ನಡೆದದ್ದನ್ನೆಲ್ಲ ಹೇಳಿದರು. ಸ್ಪಂಜು ತೊಳೆದದ್ದನ್ನೂ ಬಿಡಲಿಲ್ಲ. ಹೇಳಿ, ರಿಜಿಸ್ಟರನ್ನು ಕೈಗಿಟ್ಟು, ಪರೀಕ್ಷೆ ಬರೆದ ಹುಡುಗನ ಹಾಗೆ ಗೋಡೆಗೆ ಆತು ನಿಂತರು.

ಅತ್ತೆ ಪೆನ್ನು ತೆಗೆದರು. ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಒಂದು ಕಡೆ ಏನನ್ನೋ ಹೊಡೆದು ತಿದ್ದಿದರು.

“ಒಂಬತ್ತನೇ ಪುಟದಲ್ಲಿ ಸರಾಸರಿ ತಪ್ಪಿದೆ. ಉಳಿದದ್ದೆಲ್ಲ ಸರಿ.”

ಆಮೇಲೆ ಹೊರಗೆ ಕಾದಿದ್ದ ಟ್ಯಾಕ್ಸಿಯವನಿಗೆ ತೊಟ್ಟಿಯನ್ನು ಕೆಳಗೆ ಒಯ್ಯುವುದು ಬೇಡವೆಂದು ಹೇಳಿಕಳಿಸಿದರು.

ಮೀನು ಅಳಿಯನ ಮನೆಯಲ್ಲೇ ಉಳಿಯಿತು.